ಬೆಟ್ಟದೂರಿನ ಜೊತೆ ಅದರ ದಾರಿಯನ್ನೂ ಬರೆಯಿರಿ

ಮಾನ್ಯರೇ,

ಭಾನುವಾರದ ಪುರವಣಿಗಳಲ್ಲಿ ಇಟಲಿಯ ಬೆಟ್ಟದೂರುಗಳ ಬಗ್ಗೆ ಬರುವ ಬರಹಗಳಲ್ಲಿ ಕಲ್ಲುಹಾಸಿನ ಓಣಿ, ಕಿಟಕಿಯ ಹೂಕುಂಡ, ಕಾಫಿಯ ಘಮ ಎಲ್ಲವೂ ಇರುತ್ತವೆ. ಯಾವ ರೈಲು ಹತ್ತಬೇಕು, ಎಲ್ಲಿ ಎಡವಿದರೆ ದಿನವೇ ಹಾಳು ಎಂಬುದು ಮಾತ್ರ ಇರುವುದಿಲ್ಲ. ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಯುರೋಪಿನಲ್ಲಿದ್ದಾರೆ. ಅಪ್ಪ–ಅಮ್ಮ ಹೋದಾಗ ರೋಮ್ ನೋಡುವುದು ಇದ್ದದ್ದೇ. ಮೂರನೇ ದಿನಕ್ಕೆ ಬಿಸಿಲು, ಸರದಿ ಸಾಲು ಸಾಕಾಗಿ, ‘ಇವತ್ತು ಯಾವುದಾದ್ರೂ ಸಣ್ಣ ಊರಿಗೆ ಹೋಗಿ ಸಂಜೆ ವಾಪಸ್ ಬರೋಣ’ ಅನ್ನಿಸುತ್ತದೆ. ಹಾಗೆ ದಿಢೀರನೆ ಹೊರಡಲು ಅಡ್ಡಿಯಿಲ್ಲ, ಆದರೆ ಕೆಲವು ಸಂಗತಿ ಗೊತ್ತಿರಬೇಕು. ಅದಕ್ಕಾಗಿ ಈ ಪತ್ರ.

ಇಂಥ ಒಂದು ದಿನಕ್ಕೆ ಉಂಬ್ರಿಯಾ ಪ್ರಾಂತ್ಯದ ಓರ್ವಿಯೆತೊ ಹೇಳಿ ಮಾಡಿಸಿದ ಊರು. ರೋಮ್‌ನ ತೆರ್ಮಿನಿ ನಿಲ್ದಾಣದಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಪ್ರಾದೇಶಿಕ ರೈಲನ್ನೇ ಹಿಡಿಯಿರಿ ಎನ್ನುವುದಕ್ಕೆ ಕಾರಣವಿದೆ. ಅದಕ್ಕೆ ದೂರದ ಲೆಕ್ಕದ ದರ. ತಿಂಗಳ ಮೊದಲು ಕೊಂಡರೂ ಅಷ್ಟೇ, ಹೊರಡುವ ಹತ್ತು ನಿಮಿಷ ಮೊದಲು ಕೊಂಡರೂ ಅಷ್ಟೇ. ಸೀಟು ಕಾದಿರಿಸುವ ಗೋಜಿಲ್ಲ. ಅತಿವೇಗದ ರೈಲುಗಳ ದರ ಹಾಗಲ್ಲ, ಕೊನೇ ಗಳಿಗೆಯಲ್ಲಿ ಕೊಂಡರೆ ಜೇಬು ಸುಡುತ್ತದೆ.

ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಮೊದಲನೆಯದು ಫಲಕ. ಅದರಲ್ಲಿ ರೈಲಿನ ಕೊನೇ ನಿಲ್ದಾಣದ ಹೆಸರು ಇರುತ್ತದೆಯೇ ಹೊರತು ಓರ್ವಿಯೆತೊ ಅಂತ ದೊಡ್ಡದಾಗಿ ಬರುವುದಿಲ್ಲ. ಗೋಡೆಗೆ ಅಂಟಿಸಿದ ಹಳದಿ ಪಟ್ಟಿ ಹೊರಡುವ ರೈಲುಗಳದ್ದು, ಬಿಳಿ ಪಟ್ಟಿ ಬರುವ ರೈಲುಗಳದ್ದು. ಹಳದಿ ಪಟ್ಟಿಯಲ್ಲಿ ರೈಲಿನ ನಂಬರು, ನಡುವಿನ ನಿಲ್ದಾಣಗಳು ಎರಡೂ ಇರುತ್ತವೆ, ಆ ನಂಬರು ನೋಡಿ ಹತ್ತಬೇಕು. ಎರಡನೆಯದು ಕಾಗದದ ಟಿಕೆಟ್. ಅದನ್ನು ಕೊಂಡರಷ್ಟೇ ಸಾಲದು, ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದ ಬಾಯಿಗೆ ಕೊಟ್ಟು ದಿನ–ಗಂಟೆಯ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ ಟಿಕೆಟನ್ನು ಮತ್ತೊಮ್ಮೆ ಬಳಸಬಹುದಲ್ಲ, ಅದಕ್ಕೇ ಈ ನಿಯಮ. ಮರೆತವರಿಗೆ ದಂಡ. ಮೊಬೈಲಿನಲ್ಲಿ ಕೊಂಡಿದ್ದರೆ ಈ ಮುದ್ರೆ ಬೇಕಿಲ್ಲ.

ಮುಷ್ಕರಕ್ಕೆ ಅಲ್ಲಿ ‘ಶೋಪೆರೊ’ ಎನ್ನುತ್ತಾರೆ. ಬೆಳಗ್ಗೆ ನಿಲ್ದಾಣದಲ್ಲಿ ಆ ಪದ ಕಂಡರೂ ಗಾಬರಿ ಬೇಡ. ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಗೊತ್ತುಪಡಿಸಿದ ಪ್ರಾದೇಶಿಕ ರೈಲುಗಳು ಓಡಲೇಬೇಕು. ಹೋಗುವುದನ್ನೂ ಬರುವುದನ್ನೂ ಆ ಹೊತ್ತಿಗೆ ಹೊಂದಿಸಿಕೊಂಡರಾಯಿತು.

ಓರ್ವಿಯೆತೊ ನಿಲ್ದಾಣ ಬುಡದಲ್ಲಿದೆ, ಊರು ತಲೆಯ ಮೇಲೆ. ನಿಲ್ದಾಣದ ಎದುರಿನಿಂದಲೇ ಹಗ್ಗ ಎಳೆಯುವ ರೈಲು, ಅವರ ಬಾಯಲ್ಲಿ ‘ಫುನಿಕೊಲಾರೆ’, ಕೆಲವೇ ನಿಮಿಷಗಳಲ್ಲಿ ಮೇಲಕ್ಕೆ ಒಯ್ಯುತ್ತದೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಒಂದೇ ಹಗ್ಗಕ್ಕೆ ಎರಡು ಬೋಗಿ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ, ನಡುದಾರಿಯಲ್ಲಿ ಹಳಿ ಕವಲಾಗಿ ಒಂದನ್ನೊಂದು ದಾಟುತ್ತವೆ. 1888ರಲ್ಲಿ ಶುರುವಾದಾಗ ಮೇಲಿನ ಬೋಗಿಯ ತೊಟ್ಟಿಗೆ ನೀರು ತುಂಬಿ, ಆ ಭಾರದಿಂದಲೇ ಕೆಳಗಿನದನ್ನು ಎಳೆಸುತ್ತಿದ್ದರು. 1970ರಲ್ಲಿ ನಿಂತುಹೋಗಿ, 1990ರಲ್ಲಿ ವಿದ್ಯುತ್ತಿನಿಂದ ಮತ್ತೆ ಓಡಿತು. ಮೇಲೆ ಇಳಿದ ಚೌಕದಿಂದ ದೊಡ್ಡ ಚರ್ಚಿಗೆ ಪುಟ್ಟ ಬಸ್ಸು ಇದೆ.

ಬಸ್ಸು ಹತ್ತುವ ಮೊದಲು ಆ ಚೌಕದ ಪಕ್ಕದಲ್ಲೇ ಇರುವ ಬಾವಿ ನೋಡಬೇಕು. ರೋಮ್ ಲೂಟಿಯಾದ 1527ರಲ್ಲಿ ಏಳನೇ ಕ್ಲೆಮೆಂಟ್ ಪೋಪ್ ಇಲ್ಲಿಗೆ ಓಡಿಬಂದ. ಮುತ್ತಿಗೆ ಬಿದ್ದರೆ ಕುಡಿಯಲು ನೀರು ಬೇಕೆಂದು ಬಂಡೆ ಕೊರೆಸಿದ ಬಾವಿ ಇದು, 1537ರಲ್ಲಿ ಮುಗಿಯಿತು. ಆಳ ಸುಮಾರು 53 ಮೀಟರ್, ಅಗಲ 13 ಮೀಟರ್. ಬಾವಿಯ ಸುತ್ತ ಗೋಡೆಯೊಳಗೆ ಎರಡು ಸುರುಳಿ ಮೆಟ್ಟಿಲು, ಒಂದೊಂದರಲ್ಲೂ 248 ಮೆಟ್ಟಿಲು. ಹೇಸರಗತ್ತೆಗಳು ಬರಿಗೊಡ ಹೊತ್ತು ಒಂದರಲ್ಲಿ ಇಳಿದು, ತಳದ ಕಿರುಸೇತುವೆ ದಾಟಿ, ತುಂಬಿದ ಕೊಡ ಹೊತ್ತು ಇನ್ನೊಂದರಲ್ಲಿ ಏರುತ್ತಿದ್ದವು. ಎಲ್ಲಿಯೂ ಎದುರುಬದುರಾಗುವುದಿಲ್ಲ. ಮೆಟ್ಟಿಲು ಅಗಲ, ಎತ್ತರ ಕಡಿಮೆ. ಕತ್ತೆಯ ಕಾಲಿಗೆ ಅಳೆದು ಮಾಡಿದ್ದು. ಬೆಳಕಿಗೆ ಒಳಬಾವಿಯ ಕಡೆಗೆ ಎಪ್ಪತ್ತು ಕಿಟಕಿ. ಇಳಿದ ಹಾಗೆ ಕಿಟಕಿಯ ಬೆಳಕು ಮಂಕಾಗುತ್ತ, ಗೋಡೆ ಒದ್ದೆಯಾಗುತ್ತ, ಚಳಿ ಏರುತ್ತ ಹೋಗುತ್ತದೆ. ಕವಲೇದುರ್ಗದ ಕೊಳಗಳನ್ನು ಕಂಡವರು ಈ ನೀರಿನ ಬುದ್ಧಿವಂತಿಕೆಗೆ ಖಂಡಿತ ತಲೆದೂಗುತ್ತಾರೆ. ಇಳಿದಷ್ಟೂ ಹತ್ತಲೇಬೇಕು, ಆದ್ದರಿಂದ ಮಂಡಿನೋವಿನವರು ಮೇಲಿನ ಕಿಟಕಿಗಳಿಂದಲೇ ನೋಡಿ ಬರುವುದು ಒಳ್ಳೆಯದು.

1290ರಲ್ಲಿ ಶುರುವಾದ ಚರ್ಚು ಕಪ್ಪು–ಬಿಳಿ ಕಲ್ಲಿನ ಪಟ್ಟೆಪಟ್ಟೆ ಕಟ್ಟಡ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ. ಭಾನುವಾರ ಬೆಳಗ್ಗೆ ಅವರ ಪ್ರಾರ್ಥನೆಯ ಹೊತ್ತು, ಆಗ ಹೋಗದಿರಿ.

ಊಟದ ವಿಷಯ ಬಿಡಿಸಿ ಹೇಳಬೇಕು. ಅಡುಗೆಮನೆಗಳು ಸುಮಾರು ಹನ್ನೆರಡೂವರೆಗೆ ತೆರೆದು ಎರಡೂವರೆಗೆಲ್ಲ ಮುಚ್ಚುತ್ತವೆ, ಮತ್ತೆ ಒಲೆ ಹತ್ತುವುದು ರಾತ್ರಿಗೇ. ಮೂರು ಗಂಟೆಗೆ ಹಸಿದರೆ ಸಿಗುವುದು ತಣ್ಣನೆ ಬ್ರೆಡ್ಡು. ಉಂಬ್ರಿಯಾದ ಬ್ರೆಡ್ಡಿಗೆ ಉಪ್ಪೂ ಹಾಕುವುದಿಲ್ಲ. ಸಸ್ಯಾಹಾರಿಗಳು ‘ಸೆಂತ್ಸಾ ಕಾರ್ನೆ’, ಮಾಂಸ ಬೇಡ, ಎಂದರೆ ಸಾಲದು. ಅಮಾತ್ರಿಚಾನಾ ಎಂಬ ಕೆಂಪು ಗೊಜ್ಜು ನೋಡಲು ಬರೀ ಟೊಮೆಟೊ, ಒಳಗೆ ಹಂದಿಯ ಕೆನ್ನೆಮಾಂಸ. ಪಾರ್ಮಿಜಾನೊ ಚೀಸ್ ಹೆಪ್ಪುಗಟ್ಟಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬೇಕು. ಮಡಿ ನೋಡುವವರು ‘ಸೆಂತ್ಸಾ ಫೊರ್ಮಾಜ್ಜೊ’ ಎಂದೂ ಹೇಳಬೇಕು. ಇಲ್ಲಿನ ಉಂಬ್ರಿಕೆಲ್ಲಿ ಹಿಟ್ಟು–ನೀರು ಕಲಸಿ ಕೈಯಲ್ಲೇ ಹೊಸೆದ ದಪ್ಪ ಶ್ಯಾವಿಗೆ, ಸಾಮಾನ್ಯವಾಗಿ ಮೊಟ್ಟೆ ಇಲ್ಲ. ಅದಕ್ಕೆ ಬೆಳ್ಳುಳ್ಳಿ–ಎಣ್ಣೆ ಒಗ್ಗರಣೆ, ‘ಆಲ್ಯೊ ಎ ಒಲಿಯೊ’, ಕೇಳಿದರೆ ನಮ್ಮ ನಾಲಿಗೆಗೂ ಹಿಡಿಸುತ್ತದೆ.

ಹೊತ್ತು ಉಳಿದರೆ ಹತ್ತಿರದ ಚಿವಿತಾ ದಿ ಬಾನ್ಯೊರೆಜ್ಜೊ. ಕಾಲುಸೇತುವೆ ದಾಟಿ ಹೋಗಬೇಕಾದ ಊರು, ಪ್ರವೇಶ ಶುಲ್ಕ ಉಂಟು. ಮೇಲೆ ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಕಲ್ಲು, ಕೆಳಗೆ ಜೇಡಿ. ಹಳ್ಳದ ನೀರು ಜೇಡಿಯನ್ನು ಕೊರೆದಂತೆಲ್ಲ ಮೇಲಿನ ಕಲ್ಲು ಅಂಚಿನಿಂದ ಹೋಳುಹೋಳಾಗಿ ಉರುಳುತ್ತದೆ, ಊರು ಸಣ್ಣದಾಗುತ್ತದೆ. ಜಂಬಿಟ್ಟಿಗೆಯ ಕೆಳಗಿನ ಶೇಡಿ ಮಣ್ಣು ಮಳೆಗಾಲದಲ್ಲಿ ಏನು ಮಾಡುತ್ತದೆಂದು ಧರೆ ಕುಸಿತ ಕಂಡ ನಮ್ಮವರಿಗೆ ಬೇರೆ ಹೇಳಬೇಕಿಲ್ಲ.

ಇಲ್ಲಿಯ ಬಸ್ ಪಟ್ಟಿಯಲ್ಲಿ ‘ಫೆರಿಯಾಲೆ’ ಎಂದಿದ್ದರೆ ರಜಾದಿನ ಎಂದುಕೊಳ್ಳಬೇಡಿ. ಅದು ಸೋಮವಾರದಿಂದ ಶನಿವಾರದ ಕೆಲಸದ ದಿನ. ‘ಫೆಸ್ತಿವೊ’ ಎಂದರೆ ಭಾನುವಾರ ಮತ್ತು ರಜೆ. ‘ಸ್ಕೊಲಾಸ್ತಿಕೊ’ ಎಂದಿದ್ದರೆ ಶಾಲೆ ಇದ್ದ ದಿನ ಮಾತ್ರ. ಟಿಕೆಟ್ಟನ್ನು ‘ಟಿ’ ಅಕ್ಷರದ ಹಲಗೆ ಇರುವ ಹೊಗೆಸೊಪ್ಪಿನ ಅಂಗಡಿಯಲ್ಲಿ ಮೊದಲೇ, ಹೋಗಿಬರಲು ಎರಡನ್ನೂ ಕೊಂಡಿಟ್ಟುಕೊಳ್ಳಿ, ಮಧ್ಯಾಹ್ನ ಆ ಅಂಗಡಿಯೂ ಮುಚ್ಚಿರಬಹುದು.

ಬಾಡಿಗೆ ಕಾರಿನವರಿಗೆ ಒಂದೇ ಮಾತು. ಹಳೇ ಊರಿನ ಬಾಯಲ್ಲಿ ‘ವಾರ್ಕೊ ಆತ್ತಿವೊ’ ಎಂದು ದೀಪದಲ್ಲಿ ಹೊಳೆದರೆ ದಾರಿ ತೆರೆದಿದೆ ಎಂದರ್ಥವಲ್ಲ, ಕ್ಯಾಮೆರಾ ಎಚ್ಚರವಾಗಿದೆ, ಪರವಾನಗಿ ಇಲ್ಲದವರು ನುಗ್ಗಬಾರದು ಎಂದರ್ಥ. ನಂಬರ್ ಪ್ಲೇಟಿನ ಫೋಟೊ ಹಿಡಿದ ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ರೋಮ್‌ನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ದಾರಿಯ ದೇವಸ್ಥಾನವೊಂದರ ಜಗಲಿಯಲ್ಲಿ ಮಕ್ಕಳು ನೆಲಕ್ಕೆ ಮರಳು ಹರಡಿ, ರಾಗವಾಗಿ ಹೇಳುತ್ತ, ಬೆರಳಲ್ಲಿ ಲೆಕ್ಕ ಬರೆಯುತ್ತಿದ್ದ ಬಗೆಯನ್ನು ಆತ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾನೆ. ನಮ್ಮ ಪ್ರವಾಸ ಬರಹಗಳಿಗೂ ಆ ಕಣ್ಣು ಬೇಕು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ಸಾಗರ ಜಂಬಗಾರಿನಲ್ಲಿ ಇಳಿದವರಿಗೆ ಇಕ್ಕೇರಿ, ಕೆಳದಿ ಎರಡೂ ಹತ್ತಿರ. ಅವುಗಳ ಬಗ್ಗೆ ಬರೆಸುವಾಗ ದಯವಿಟ್ಟು ಬಸ್ಸು ಯಾವ ಯಾವ ದಿನ, ಗುಡಿಯ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ಮಳೆಗಾಲದಲ್ಲಿ ಉಂಬಳಕ್ಕೆ ಏನು ಹಚ್ಚಿಕೊಳ್ಳಬೇಕು, ಸಾಗರಕ್ಕೆ ಮರಳುವ ಕೊನೇ ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಹಾಕಿ.

— ಓದುಗ, ಸಾಗರ, ಶಿವಮೊಗ್ಗ ಜಿಲ್ಲೆ