ಮೂರನೇ ತಿಂಗಳವರೆಗೆ ಕಾಯುವುದು ಬೇಡ

ಮಾನ್ಯ ಸಂಪಾದಕರೇ,

ನಮ್ಮ ಸೊಸೆಗೆ ಫೋಲಿಕ್ ಆಮ್ಲದ ಮಾತ್ರೆ ಶುರುವಾಗಿದ್ದು ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿವರೆಗೆ ಸುದ್ದಿ ಹೊರಗೆ ಹೋಗಬಾರದು ಅಂತ ನಾನೇ ಆಸ್ಪತ್ರೆಗೆ ಕಳಿಸಿರಲಿಲ್ಲ. ಮೊಮ್ಮಗಳು ಚೆನ್ನಾಗಿದ್ದಾಳೆ, ನಮ್ಮ ಪುಣ್ಯ. ಆದರೆ ಆಮೇಲೆ ತಿಳಿದ ಸಂಗತಿ ಇನ್ನೂ ಕಾಡುತ್ತಿದೆ.

ಮಗುವಿನ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ಜನಕ್ಕೆ ಬಸುರಿ ಅಂತಲೇ ಗೊತ್ತಾಗಿರುವುದಿಲ್ಲ, ಅಲ್ವಾ? ಅದು ಮುಚ್ಚದೆ ಉಳಿದರೆ ಸ್ಪೈನಾ ಬೈಫಿಡಾದಂಥ (ಬೆನ್ನುಮೂಳೆ ಪೂರ್ತಿ ಕೂಡಿಕೊಳ್ಳದ) ತೊಂದರೆ ಬರುತ್ತದೆ. ಫೋಲಿಕ್ ಆಮ್ಲ, ಅಂದರೆ ಬಿ9 ಜೀವಸತ್ವ (ವಿಟಮಿನ್), ಈ ಅಪಾಯವನ್ನು ಬಹಳ ತಗ್ಗಿಸುತ್ತದೆ. ದಿನಕ್ಕೆ 400 ಮೈಕ್ರೊಗ್ರಾಂ ಸಾಕು, ಆದರೆ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕು. ಹಿಂದೆ ಇಂಥ ತೊಂದರೆ ಆಗಿದ್ದವರಿಗೆ ಜಾಸ್ತಿ ಬೇಕಾಗುತ್ತದೆ. ಅದನ್ನು ವೈದ್ಯರೇ ಹೇಳಬೇಕು.

ಈ ಬಿ9 ಪತ್ತೆಗೆ ದಾರಿ ತೋರಿದ್ದೇ ನಮ್ಮ ದೇಶದ ಬಸುರಿಯರು. ಮುಂಬೈಯಲ್ಲಿ ರಕ್ತಹೀನತೆಯಿಂದ ಬಳಲುತ್ತಿದ್ದವರಿಗೆ ಲೂಸಿ ವಿಲ್ಸ್ ಎಂಬ ವೈದ್ಯೆ ಯೀಸ್ಟ್ ಸಾರ ಕೊಟ್ಟು ಗುಣಪಡಿಸಿ, 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಸಾರದಲ್ಲಿ ಗುಣ ಕೊಟ್ಟಿದ್ದು ಬಿ9 ಅಂತ ಆಮೇಲೆ ತಿಳಿಯಿತು.

ಸೊಪ್ಪು, ಕಾಳುಗಳಲ್ಲಿ ಬಿ9 ಇದೆ. ಬಸುರಿಯರಿಗೆ ಬೇಕಾದ ಇನ್ನೊಂದು ಜೀವಸತ್ವ ಬಿ12 ಮಾತ್ರ ಅವುಗಳಲ್ಲಿ ಸಿಗುವುದಿಲ್ಲ. ಮೊಟ್ಟೆ, ಮೀನು ತಿನ್ನದ ಮನೆಗಳಲ್ಲಿ ಹಾಲು ಮೊಸರು ತಪ್ಪಿಸಬಾರದು, ಒಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕು.

ಆಶಾ ಕಾರ್ಯಕರ್ತೆಯರು ಈ ಮಾತನ್ನು ಹೊಸದಾಗಿ ಮದುವೆಯಾದವರ ಮನೆಯಲ್ಲೇ ಹೇಳುವಂತಾಗಲಿ. ಅತ್ತೆಯಂದಿರ ಎದುರಲ್ಲೇ ಹೇಳಲಿ.

– ಒಬ್ಬ ಅಜ್ಜಿ, ಹಾಸನ