ಉತ್ತರ ಕೊರಿಯಾ ಪಾತ್ರಕ್ಕೂ ತಾಲೀಮು ಬೇಕು

ಸಂಪಾದಕರಿಗೆ,

ಮಾನ್ಯರೆ,

ದಾವಣಗೆರೆ, ಚಿತ್ರದುರ್ಗದ ಶಾಲಾ ಕಾಲೇಜುಗಳಿಗೂ ಈಗ ಮಾದರಿ ವಿಶ್ವಸಂಸ್ಥೆ, ಅಂದರೆ ಎಂಯುಎನ್ ಬಂದಿದೆ. ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಯಾಗಿ, ಅಂದರೆ ಡೆಲಿಗೇಟ್ ಆಗಿ, ವಿಶ್ವಸಂಸ್ಥೆಯಂತೆ ಸಭೆ ನಡೆಸುವ ಸ್ಪರ್ಧೆ ಇದು. ಅಮೆರಿಕ, ಫ್ರಾನ್ಸ್, ಭಾರತ ಸಿಕ್ಕವರು ವಾರಗಟ್ಟಲೆ ಓದಿಕೊಂಡು ಬರುತ್ತಾರೆ. ಕೊನೆಗಳಿಗೆಯಲ್ಲಿ ಹೆಸರು ಕೊಟ್ಟವರ ಪಾಲಿಗೆ ಉಳಿಯುವುದು ಉತ್ತರ ಕೊರಿಯಾ. ಆ ವಿದ್ಯಾರ್ಥಿ ಎದ್ದು ನಿಂತರೆ ಸಾಕು, ಸಭೆ ನಗಲು ಕಾದಿರುತ್ತದೆ. ಅವನೂ ನಿರಾಸೆ ಮಾಡುವುದಿಲ್ಲ: ಮೇಜು ಗುದ್ದುತ್ತಾನೆ, ಕ್ಷಿಪಣಿ ಬಿಡುತ್ತೇನೆ ಎನ್ನುತ್ತಾನೆ, ಸಭಾತ್ಯಾಗ ಮಾಡುತ್ತಾನೆ. ಎರಡನೇ ದಿನ ಮಧ್ಯಾಹ್ನ ಬೆಸ್ಟ್ ಡೆಲಿಗೇಟ್ ಬಹುಮಾನದ ಆಸೆಗೆ ಅಣ್ವಸ್ತ್ರ ಬಿಟ್ಟುಕೊಡುವ ಕರಡು ನಿರ್ಣಯಕ್ಕೆ ಕೈ ಎತ್ತುತ್ತಾನೆ. ನಮ್ಮ ದೊಡ್ಡಾಟದಲ್ಲಿ ದುರ್ಯೋಧನನ ವೇಷದವನು ತೊಡೆ ತಟ್ಟುವುದಷ್ಟನ್ನೇ ಕಲಿತು ಬಂದು, ಬೆಳಗಿನ ಜಾವಕ್ಕೆ ಪಾಂಡವರಿಗೆ ಅರ್ಧ ರಾಜ್ಯ ಬರೆದುಕೊಟ್ಟರೆ ಹೇಗಿದ್ದೀತು, ಹಾಗೆ.

ಮೊದಲು ಹೆಸರು. ಅಧಿಕೃತ ಮಾತಿನಲ್ಲಿ ಆ ದೇಶ ತನ್ನನ್ನು ಉತ್ತರ ಕೊರಿಯಾ ಎಂದು ಕರೆದುಕೊಳ್ಳುವುದಿಲ್ಲ. ವಿಶ್ವಸಂಸ್ಥೆಯಲ್ಲಿ ಅದರ ಫಲಕ ಡೆಮಾಕ್ರಟಿಕ್ ಪೀಪಲ್ಸ್ ರಿಪಬ್ಲಿಕ್ ಆಫ್ ಕೊರಿಯಾ, ಚುಟುಕಾಗಿ ಡಿಪಿಆರ್‌ಕೆ. 1991ರ ಸೆಪ್ಟೆಂಬರ್ 17ರಂದು ದಕ್ಷಿಣದ ಜೊತೆಗೇ, ಒಂದೇ ನಿರ್ಣಯದಲ್ಲಿ ಸದಸ್ಯತ್ವ ಪಡೆಯಿತು. ತನ್ನ ದೇಶದ ಹೆಸರನ್ನೇ ತಪ್ಪಾಗಿ ಹೇಳುವ ಪ್ರತಿನಿಧಿಯ ಮುಂದಿನ ಮಾತು ಯಾರೂ ಗಂಭೀರವಾಗಿ ಕೇಳುವುದಿಲ್ಲ.

ಆಯೋಜಕರು ಹೆಚ್ಚು ಎಡವುವುದು ಸಮಿತಿ ಹಂಚುವಾಗ. ನಿಶ್ಶಸ್ತ್ರೀಕರಣ, ಭದ್ರತೆಯ ವಿಷಯ ನೋಡುವ ಸಾಮಾನ್ಯ ಸಭೆಯ ಮೊದಲ ಸಮಿತಿ, ಅಂದರೆ ಡೈಸೆಕ್‌ನಲ್ಲಿ ಡಿಪಿಆರ್‌ಕೆಗೆ ಎಲ್ಲರಂತೆ ಒಂದು ಮತ. ಭದ್ರತಾ ಮಂಡಳಿಯಲ್ಲಿ ಅದು ಸದಸ್ಯನಲ್ಲ. ವಿಶ್ವಸಂಸ್ಥೆಯ ಸನ್ನದಿನ 32ನೇ ವಿಧಿಯಂತೆ ವಿವಾದದ ಕಕ್ಷಿಯಾಗಿ ಕರೆದರೆ ಬಂದು ಮಾತಾಡಬಹುದು, ಮತವಿಲ್ಲ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಿಂದ 1994ರ ಜೂನ್‌ನಲ್ಲೇ ಹೊರಬಿದ್ದಿದೆ, ಹಾಗಾಗಿ ಆ ಸಮಿತಿಯಲ್ಲಿ ಅದರ ಫಲಕ ಇಡುವುದೇ ತಪ್ಪು. ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಮಾತ್ರ ಪೂರ್ಣ ಸದಸ್ಯ. 2011 ಮತ್ತು 2022ರಲ್ಲಿ ಸರದಿಯಂತೆ ಅಧ್ಯಕ್ಷ ಪೀಠದಲ್ಲೂ ಕೂತಿತ್ತು. ನಗುವವರಿಗೆ ಇದನ್ನು ಹೇಳಬೇಕು.

ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, ಎನ್‌ಪಿಟಿ, ಮುರಿದ ದೇಶ ಎಂಬ ಆರೋಪ ಮೊದಲ ಅರ್ಧ ಗಂಟೆಯಲ್ಲೇ ಬರುತ್ತದೆ. ಅದಕ್ಕೆ ಕೂಗಾಡಿದರೆ ಕೆಟ್ಟಿತು. ಉತ್ತರ ಇರುವುದು ಒಪ್ಪಂದದ 10ನೇ ವಿಧಿಯಲ್ಲಿ. ದೇಶದ ಪರಮೋಚ್ಚ ಹಿತಕ್ಕೆ ಧಕ್ಕೆಯಾಗುವ ಅಸಾಧಾರಣ ಘಟನೆ ನಡೆದಿದೆ ಎಂದು ಕಾರಣ ಕೊಟ್ಟು, ಇತರ ಸದಸ್ಯರಿಗೂ ಭದ್ರತಾ ಮಂಡಳಿಗೂ ಮೂರು ತಿಂಗಳ ನೋಟಿಸು ಕೊಟ್ಟರೆ ಹೊರಹೋಗಬಹುದು. 1985ರಲ್ಲಿ ಸೇರಿದ ಡಿಪಿಆರ್‌ಕೆ 1993ರ ಮಾರ್ಚ್ 12ರಂದು ನೋಟಿಸು ಕೊಟ್ಟಿತು. ಅವಧಿ ಮುಗಿಯಲು ಒಂದು ದಿನ ಇರುವಾಗ, ಜೂನ್ 11ರಂದು, ಅಮೆರಿಕದೊಂದಿಗೆ ಮಾತುಕತೆಯಾಗಿ ಅದನ್ನು ತಡೆಹಿಡಿಯಿತು. 2003ರ ಜನವರಿ 10ರಂದು ಅದೇ ಹಳೆಯ ನೋಟಿಸಿಗೆ ಜೀವ ಕೊಟ್ಟು, ಬಾಕಿ ಇರುವುದು ಒಂದೇ ದಿನ, ನಾಳೆಯಿಂದ ನಾವು ಸದಸ್ಯರಲ್ಲ ಎಂದಿತು. ಹತ್ತು ವರ್ಷದ ಹಿಂದಿನ ನೋಟಿಸು ಇನ್ನೂ ನಡೆಯುತ್ತದೆಯೇ ಎಂಬ ಪ್ರಶ್ನೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಆ ವರ್ಷದ ಎನ್‌ಪಿಟಿ ಸಭೆಯಲ್ಲಿ ಅಧ್ಯಕ್ಷರು ಡಿಪಿಆರ್‌ಕೆ ನಾಮಫಲಕವನ್ನು ಮೇಜಿನ ಮೇಲೂ ಇಡದೆ, ತೆಗೆದೂ ಹಾಕದೆ, ತಮ್ಮ ಸುಪರ್ದಿಗೆ ತೆಗೆದುಕೊಂಡು ಚರ್ಚೆಗೆ ತೆರೆ ಎಳೆದರು. ಈ ಒಂದು ದಿನದ ಲೆಕ್ಕವನ್ನು ಒಂದು ನಿಮಿಷದಲ್ಲಿ ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ಮೇಜು ಗುದ್ದುವ ಅಗತ್ಯ ಬೀಳುವುದಿಲ್ಲ.

ಆರಂಭದ ಭಾಷಣಕ್ಕೆ ಸಾಮಾನ್ಯವಾಗಿ ಸಿಗುವುದು 90 ಸೆಕೆಂಡು. ಇಂಗ್ಲಿಷ್‌ನಲ್ಲಿ ಸುಮಾರು 200 ಪದ, ಕನ್ನಡದಲ್ಲಿ 130ರ ಆಸುಪಾಸು. ಹೆಚ್ಚು ತುರುಕಿದರೆ ಗಂಟೆ ಹೊಡೆಯುವಾಗ ಮುಖ್ಯ ಮಾತು ಗಂಟಲಲ್ಲೇ ಇರುತ್ತದೆ. ಧಾಟಿ ಹೀಗಿರಬೇಕು: ‘ಗೌರವಾನ್ವಿತ ಅಧ್ಯಕ್ಷರೇ, 1953ರಲ್ಲಿ ಆದದ್ದು ಕದನವಿರಾಮ, ಶಾಂತಿ ಒಪ್ಪಂದ ಇನ್ನೂ ಆಗಿಲ್ಲ. ದಕ್ಷಿಣದಲ್ಲಿ ವಿದೇಶಿ ಸೇನೆ ಬೀಡುಬಿಟ್ಟಿದೆ, ನಮ್ಮ ಬಾಗಿಲಲ್ಲಿ ಸಮರಾಭ್ಯಾಸ ನಡೆಯುತ್ತಿದೆ. ಸನ್ನದಿನ 51ನೇ ವಿಧಿ ಎಲ್ಲರಿಗೂ ಕೊಟ್ಟ ಆತ್ಮರಕ್ಷಣೆಯ ಹಕ್ಕು ನಮಗೊಬ್ಬರಿಗೆ ಯಾಕಿಲ್ಲ?’ ಬೆದರಿಕೆ ಹಾಕಲೇಬೇಕೆಂದರೆ ಷರತ್ತು ಸೇರಿಸಿ ಹಾಕಬೇಕು: ನೀವು ಹೀಗೆ ಮಾಡಿದರೆ, ನಾವು ಹೀಗೆ. ಷರತ್ತಿಲ್ಲದ ಬೆದರಿಕೆ ರಾಜತಾಂತ್ರಿಕರ ಭಾಷೆಯಲ್ಲ. ಸಭಾತ್ಯಾಗಕ್ಕೂ ಒಂದು ರೀತಿ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಭಾಷಣಕ್ಕೆ ಮೊದಲು ಡಿಪಿಆರ್‌ಕೆ ರಾಯಭಾರಿ ಎದ್ದು ಹೋದರು ನಿಜ, ಆದರೆ ಕಿರಿಯ ಅಧಿಕಾರಿಯೊಬ್ಬರು ಅಲ್ಲೇ ಕೂತು ಟಿಪ್ಪಣಿ ಮಾಡಿಕೊಂಡರು. ಎಂಯುಎನ್‌ನಲ್ಲಿ ಒಬ್ಬನೇ ಡೆಲಿಗೇಟ್. ಅವನು ಹೊರಗೆ ನಡೆದರೆ ಬರೆದುಕೊಳ್ಳುವವರಿಲ್ಲ, ರೈಟ್ ಆಫ್ ರಿಪ್ಲೈ, ಅಂದರೆ ಉತ್ತರಿಸುವ ಹಕ್ಕು, ಕೇಳುವವರೂ ಇಲ್ಲ.

ಚೀನಾ, ರಷ್ಯಾ ನಮ್ಮ ಜೇಬಿನಲ್ಲಿವೆ ಎಂದುಕೊಂಡು ಬರುವುದು ಇನ್ನೊಂದು ತಪ್ಪು. ಡಿಪಿಆರ್‌ಕೆ ಮೇಲಿನ ಭದ್ರತಾ ಮಂಡಳಿಯ 2006ರ ನಿರ್ಣಯ 1718ರಿಂದ 2017ರ ಡಿಸೆಂಬರ್‌ನ ನಿರ್ಣಯ 2397ರವರೆಗೆ ಪ್ರಮುಖ ನಿರ್ಬಂಧ ನಿರ್ಣಯಗಳೆಲ್ಲ ಸರ್ವಾನುಮತದವು. ಎರಡೂ ದೇಶ ಹೌದು ಎಂದಿವೆ. ಗಾಳಿ ತಿರುಗಿದ್ದು ಆಮೇಲೆ. 2022ರ ಮೇ 26ರಂದು ಹೊಸ ನಿರ್ಬಂಧದ ಕರಡನ್ನು ಎರಡೂ ಸೇರಿ ವೀಟೊ ಮಾಡಿದವು. 2024ರ ಮಾರ್ಚ್ 28ರಂದು ನಿರ್ಬಂಧಗಳ ಮೇಲೆ ಕಣ್ಣಿಟ್ಟಿದ್ದ ತಜ್ಞರ ಸಮಿತಿಯ ಅವಧಿ ವಿಸ್ತರಣೆಗೆ ರಷ್ಯಾ ವೀಟೊ ಹಾಕಿತು, ಚೀನಾ ತಟಸ್ಥವಾಯಿತು. ಕಾರ್ಯಸೂಚಿ 2010ರದ್ದೋ 2025ರದ್ದೋ ನೋಡದೆ ಕಾಕಸ್‌ನಲ್ಲಿ, ಅಂದರೆ ಅನೌಪಚಾರಿಕ ಚರ್ಚೆಯಲ್ಲಿ, ಬೆಂಬಲಿಗರ ಬ್ಲಾಕ್ ಕಟ್ಟಹೊರಟರೆ ಚೀನಾದ ಡೆಲಿಗೇಟೇ ಕೈಕೊಡುತ್ತಾನೆ. ಕೊಡಲೂಬೇಕು.

ಕ್ಯೂಬಾದ ಟಿಪ್ಪಣಿ ತಂದು ಇಲ್ಲಿ ಅಂಟಿಸುವವರೂ ಇದ್ದಾರೆ; ಎರಡೂ ಕಮ್ಯುನಿಸ್ಟ್, ಎರಡಕ್ಕೂ ಅಮೆರಿಕ ಕಂಡರಾಗದು, ಅಷ್ಟಕ್ಕೇ ಒಂದೇ ಎಂದುಕೊಳ್ಳುತ್ತಾರೆ. ಕ್ಯೂಬಾ 2002ರಲ್ಲಿ ಎನ್‌ಪಿಟಿ ಸೇರಿತು, 2018ರಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದವನ್ನೂ ಅನುಮೋದಿಸಿತು. ಅದರ ಬಲ ಸಾಮಾನ್ಯ ಸಭೆಯ ಮತಪೆಟ್ಟಿಗೆಯಲ್ಲಿದೆ: ಅಮೆರಿಕದ ದಿಗ್ಬಂಧನದ ವಿರುದ್ಧದ ನಿರ್ಣಯಕ್ಕೆ 1992ರಲ್ಲಿ 59 ಮತ, 2024ರಲ್ಲಿ 187. ಡಿಪಿಆರ್‌ಕೆಗೆ ಅಂಥ ಸೈನ್ಯವಿಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಕೆಂಬಾವುಟ ಹಾರಿಸಿ, ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ದಾವಣಗೆರೆಯ ಮಕ್ಕಳಿಗಾದರೂ ಕಮ್ಯುನಿಸ್ಟರೆಲ್ಲ ಒಂದೇ ಅಚ್ಚಿನವರಲ್ಲ ಎಂದು ಮನೆಯ ಹಿರಿಯರು ಹೇಳಬಹುದಿತ್ತು.

ಮಾನವ ಹಕ್ಕುಗಳ ವಿಷಯದಲ್ಲಿ ‘ಅವನ್ನೆಲ್ಲ ನಾವು ಒಪ್ಪುವುದಿಲ್ಲ’ ಎನ್ನುವುದು ಆ ದೇಶದ ನಿಲುವೇ ಅಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಅದು 1981ರಲ್ಲಿ ಸೇರಿದೆ. 1997ರಲ್ಲಿ ಬಿಡಲು ಹೊರಟಾಗ, ಉಳಿದವರೆಲ್ಲ ಒಪ್ಪದೆ ಬಿಡುವಂತಿಲ್ಲ ಎಂಬ ಉತ್ತರ ವಿಶ್ವಸಂಸ್ಥೆಯಿಂದ ಬಂತು. ಎಲ್ಲ ದೇಶಗಳಿಗೂ ಸರದಿಯಂತೆ ನಡೆಯುವ ಹಕ್ಕುಗಳ ಪರಿಶೀಲನೆಗೆ 2009ರಿಂದ 2024ರವರೆಗೆ ನಾಲ್ಕು ಸಲ ಹಾಜರಾಗಿದೆ. ಅದು ತಿರಸ್ಕರಿಸುವುದು ತನ್ನೊಂದೇ ದೇಶದ ಮೇಲೆ ತರುವ ನಿರ್ಣಯಗಳನ್ನು. ಡೆಲಿಗೇಟ್ ಈ ಗೆರೆ ಹಿಡಿದು ನಿಂತರೆ ಪಾತ್ರ ಉಳಿಯಿತು. ಆದರೆ ಫೈಲಿನ ಅರ್ಧ ಭಾಗ ಎದುರು ಪಕ್ಷದ್ದಿರಬೇಕು: ವಿಶ್ವಸಂಸ್ಥೆಯ ತನಿಖಾ ಆಯೋಗದ 2014ರ ವರದಿ, ಅದು ದಾಖಲಿಸಿದ ರಾಜಕೀಯ ಸೆರೆ ಶಿಬಿರಗಳು, ತೊಂಬತ್ತರ ದಶಕದ ಕ್ಷಾಮ. ಸರ್ವಾಧಿಕಾರಿಯ ಪರ ಮಕ್ಕಳಿಂದ ಮಾತಾಡಿಸುತ್ತೀರಲ್ಲ ಎಂದು ಕೇಳುವ ಪೋಷಕರಿಗೆ ಆ ಫೈಲು ತೋರಿಸಿದರೆ ಸಾಕು.

ಈ ಕುರ್ಚಿಯಿಂದ ಮತ ಗೆಲ್ಲುವ ದಾರಿಯೂ ಒಂದಿದೆ, ಯಾರೂ ಹಿಡಿಯುವುದಿಲ್ಲ. ನಿರ್ಣಯ 2397 ಸಂಸ್ಕರಿಸಿದ ಪೆಟ್ರೋಲಿಯಂ ಆಮದನ್ನು ವರ್ಷಕ್ಕೆ 5 ಲಕ್ಷ ಬ್ಯಾರೆಲ್‌ಗೆ, ಕಚ್ಚಾ ತೈಲವನ್ನು 40 ಲಕ್ಷ ಬ್ಯಾರೆಲ್‌ಗೆ ಕಟ್ಟಿಹಾಕಿದೆ. ಅದೇ ನಿರ್ಣಯ, ಜನಸಾಮಾನ್ಯರಿಗೆ ತೊಂದರೆ ಮಾಡುವ ಉದ್ದೇಶವಿಲ್ಲ ಎಂದೂ ಹೇಳುತ್ತದೆ. ಈ ಎರಡು ಸಾಲುಗಳ ನಡುವಿನ ಸಂದಿಯಲ್ಲಿ ಡೆಲಿಗೇಟ್ ಕೈ ಹಾಕಬೇಕು. ಔಷಧ, ನೀರಿನ ಪಂಪು, ಆಸ್ಪತ್ರೆ ಉಪಕರಣಗಳ ವಿನಾಯಿತಿ ಅರ್ಜಿಗೆ ಕಾಲಮಿತಿ ಹಾಕುವ ತಿದ್ದುಪಡಿ ತಂದರೆ ಆಫ್ರಿಕಾ, ಆಸಿಯಾನ್ ಡೆಲಿಗೇಟ್‌ಗಳು ಸುಲಭವಾಗಿ ಜೊತೆಯಾಗುತ್ತಾರೆ. ಭಾರತ ಬಂದೇ ಬರುತ್ತದೆ ಎಂದು ಮಾತ್ರ ನಂಬಬೇಡಿ: 2022ರ ಡಿಸೆಂಬರ್‌ನಲ್ಲಿ ಮಾನವೀಯ ವಿನಾಯಿತಿಯ ನಿರ್ಣಯ 2664 ಬಂದಾಗ 14 ಸದಸ್ಯರು ಹೌದು ಎಂದರು, ತಟಸ್ಥವಾಗಿದ್ದದ್ದು ಭಾರತವೊಂದೇ.

ತಯಾರಿಗೆ ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿಕೊಂಡರೆ ಸಾಕು. ಎಂದೂ ಒಪ್ಪದ್ದು: ಏಕಪಕ್ಷೀಯ ನಿಶ್ಶಸ್ತ್ರೀಕರಣ, ನಿರ್ಬಂಧಗಳ ನ್ಯಾಯಸಮ್ಮತತೆ. ಚೌಕಾಸಿ ಮಾಡಬಹುದಾದದ್ದು: ಸಮರಾಭ್ಯಾಸ ನಿಂತರೆ ಅಣ್ವಸ್ತ್ರ ಪರೀಕ್ಷೆಗೆ ತಡೆ. ಮುಂದಾಳತ್ವ ವಹಿಸಬಹುದಾದದ್ದು: ಮಾನವೀಯ ವಿನಾಯಿತಿ, ಪ್ರವಾಹ ಪರಿಹಾರ. ಯೂಟ್ಯೂಬ್ ವಿಡಿಯೊಗಳ ಬದಲು ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಮತದಾನದ ದಾಖಲೆ ತೆಗೆದು ನೋಡಬೇಕು, ಅಲ್ಲಿ ಅಚ್ಚರಿಗಳಿವೆ. 2016ರ ಅಕ್ಟೋಬರ್‌ನಲ್ಲಿ ಮೊದಲ ಸಮಿತಿಯಲ್ಲಿ, ಅಣ್ವಸ್ತ್ರ ನಿಷೇಧದ ಮಾತುಕತೆ ಶುರುಮಾಡೋಣ ಎಂಬುದಕ್ಕೆ ಹೌದು ಎಂದ ಏಕೈಕ ಅಣ್ವಸ್ತ್ರ ದೇಶ ಡಿಪಿಆರ್‌ಕೆ. ಮರುವರ್ಷದ ಮಾತುಕತೆಗೆ ಅದು ಬರಲೇ ಇಲ್ಲ. ಕರಡು ನಿರ್ಣಯದಲ್ಲಿ ಸ್ಪಾನ್ಸರ್ (ಮಂಡಿಸುವವರು) ಬೇರೆ, ಸಿಗ್ನೇಟರಿ (ಸಹಿ ಹಾಕುವವರು) ಬೇರೆ ಎಂಬುದನ್ನೂ ಮೊದಲೇ ಕಲಿಸಿರಬೇಕು. ಸಿಗ್ನೇಟರಿಯಾದರೆ ಚರ್ಚೆಗೆ ಬರಲಿ ಎಂದಷ್ಟೇ ಅರ್ಥ, ವಿರೋಧಿಯ ಕರಡು ನಿರ್ಣಯಕ್ಕೂ ಸಹಿ ಹಾಕಬಹುದು. ಸ್ಪಾನ್ಸರ್ ಆದರೆ ಅದರ ಪ್ರತಿ ಸಾಲೂ ನಿಮ್ಮದು.

ಆಯೋಜಕರಲ್ಲಿ ಕೇಳುವುದಿಷ್ಟು. ಅಂಕಪಟ್ಟಿಯಲ್ಲಿ ದೇಶದ ನಿಲುವಿಗೆ ನಿಷ್ಠೆ ಎಂಬುದಕ್ಕೆ ನೂರರಲ್ಲಿ ಕನಿಷ್ಠ 35 ಇಡಿ; ಈಗ ಬಹುತೇಕ ಕಡೆ ಕರಡು ಪಾಸು ಮಾಡಿಸಿದವನಿಗೇ ಬಹುಮಾನ, ಹಾಗಾಗಿ ಕೊನೆಗೆ ಎಲ್ಲ ದೇಶವೂ ಸ್ವಿಟ್ಜರ್ಲೆಂಡ್ ಆಗುತ್ತದೆ. ಡಿಪಿಆರ್‌ಕೆ ಎದ್ದಾಗ ಸಭೆ ನಕ್ಕರೆ ಸಭೆ ನಡೆಸುವ ಎಕ್ಸಿಕ್ಯೂಟಿವ್ ಬೋರ್ಡ್ ತಾನೂ ನಗದೆ ಸುತ್ತಿಗೆ ಬಡಿಯಲಿ. ಈ ಪೋರ್ಟ್‌ಫೋಲಿಯೊವನ್ನು, ಅಂದರೆ ದೇಶದ ಪಾತ್ರವನ್ನು, ಕನಿಷ್ಠ ಹತ್ತು ದಿನ ಮೊದಲು ಹಂಚಿ. ಭದ್ರತಾ ಮಂಡಳಿಯಾದರೆ ಮತ ಇಲ್ಲ ಎಂಬುದನ್ನು ಹೆಸರು ನೋಂದಾಯಿಸುವಾಗಲೇ ತಿಳಿಸಿ, ಆ ವಿದ್ಯಾರ್ಥಿಯೂ ಎಲ್ಲರಷ್ಟೇ ಶುಲ್ಕ ಕಟ್ಟಿರುತ್ತಾನೆ.

– ಎಂಯುಎನ್ ತರಬೇತಿಯಲ್ಲಿ ತೊಡಗಿರುವ ಕೆಲವು ಶಿಕ್ಷಕರು, ದಾವಣಗೆರೆ