ಉನ್ನತ ಶಿಕ್ಷಣ ಸಚಿವರೇ, ಫೀ ಕಟ್ಟುವ ಮುಂಚೆ ನನಗೊಂದು ಲೆಕ್ಕ ಬೇಕು

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನನಗೀಗ 36 ವರ್ಷ. ಓದನ್ನು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿದೆ, ಈಗ ಆನ್‌ಲೈನ್‌ನಲ್ಲಿ ಲಿಬರಲ್ ಆರ್ಟ್ಸ್ ಪದವಿ ಮಾಡೋಣ ಅಂತ ಹೊರಟಿದ್ದೇನೆ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ, ಜೊತೆಗೆ ಒಂದಿಷ್ಟು ಅರ್ಥಶಾಸ್ತ್ರ. ಓದುವ ಆಸೆ ನಿಜವಾಗಿಯೂ ಇದೆ. ಆದರೆ ದುಡ್ಡು ನನ್ನದು, ಅದೂ ಕೂಡಿಟ್ಟ ದುಡ್ಡು. ಅದಕ್ಕೇ ಈ ಪತ್ರ.

ಒಂದು ಸಂಸ್ಥೆಯ ವೆಬ್‌ಸೈಟಿನಲ್ಲಿ ಸುಮ್ನೆ ನಂಬರ್ ಕೊಟ್ಟಿದ್ದೆ ಅಷ್ಟೇ. ಹತ್ತು ನಿಮಿಷದಲ್ಲಿ ಫೋನ್ ಬಂತು. "ಮೇಡಂ, ಇವತ್ತು ರಾತ್ರಿ 12ಕ್ಕೆ ಡಿಸ್ಕೌಂಟ್ ಮುಗಿಯುತ್ತೆ" ಅಂದ ಆ ಹುಡುಗ. ನಾನು ಎರಡೇ ಪ್ರಶ್ನೆ ಕೇಳಿದೆ. ಸೇರಿದವರಲ್ಲಿ ಎಷ್ಟು ಜನ ಮುಗಿಸಿದ್ದಾರೆ? ಮುಗಿಸಿದವರ ಸಂಬಳ ಎಷ್ಟು ಜಾಸ್ತಿ ಆಗಿದೆ? ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಬ್ರೋಷರ್ ಕಳಿಸ್ತೀನಿ ಮೇಡಂ" ಅಂದ. ಬ್ರೋಷರ್ ಬಂತು, 24 ಪುಟ. ನಗುವ ಮುಖಗಳಿದ್ದವು, ಉತ್ತರ ಇರಲಿಲ್ಲ. ಪಾಪ, ಅವನನ್ನು ಬೈದು ಪ್ರಯೋಜನವಿಲ್ಲ, ಅವನಿಗೂ ಯಾರೂ ಹೇಳಿರಲಿಕ್ಕಿಲ್ಲ.

ಕೊನೆಗೆ ನಾನೇ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಫೀ, ಪರೀಕ್ಷಾ ಶುಲ್ಕ, ಪುಸ್ತಕ, ಎಲ್ಲ ಸೇರಿ ನನ್ನ 4 ತಿಂಗಳ ಸಂಬಳ. ಪದವಿ ಬಂದ ಮೇಲೆ ಸಂಬಳ 10% ಏರುತ್ತದೆ ಅಂದುಕೊಳ್ಳೋಣ. ಹಾಗಿದ್ದರೆ ಹಾಕಿದ ದುಡ್ಡು ವಾಪಸ್ ಬರಲು 40 ತಿಂಗಳು. ಪರವಾಗಿಲ್ಲ ಅನಿಸಿತು. ಆದರೆ ಕೆಲಸ, ಮನೆ ಎರಡನ್ನೂ ನೋಡಿಕೊಂಡು ಓದುವವರಲ್ಲಿ ಅರ್ಧಕ್ಕೆ ಬಿಡುವವರು ಬಹಳ, ನಾನೇ ಒಮ್ಮೆ ಬಿಟ್ಟವಳು. ಮುಗಿಸುವ ಸಾಧ್ಯತೆ ಅರ್ಧಕ್ಕರ್ಧ ಅಂತ ಹಿಡಿದರೆ ಅದೇ 40 ತಿಂಗಳು 80 ಆಗುತ್ತದೆ, ಅಂದರೆ ಹತ್ತಿರ ಹತ್ತಿರ ಏಳು ವರ್ಷ. ಸಾಲ ಮಾಡಿದರೆ ಬಡ್ಡಿ ಬೇರೆ. ಒಂದೇ ಒಂದು ಅಂಕಿ, ಎಷ್ಟು ಜನ ಮುಗಿಸುತ್ತಾರೆ ಅನ್ನೋದು, ಇಡೀ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅದನ್ನೇ ಯಾರೂ ಹೇಳುವುದಿಲ್ಲ.

ಆನ್‌ಲೈನ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಲೇಜಿಗೆ ಹೋಗಿ ಓದಬೇಕೆಂದರೆ ಕೆಲಸ ಬಿಡಬೇಕು, ಮೂರು ವರ್ಷ ಅಂದರೆ 36 ತಿಂಗಳ ಸಂಬಳ ಹೋಯಿತು. ಅದರ ಮುಂದೆ ಫೀ ಯಾವ ಲೆಕ್ಕ? ನನ್ನಂಥವರಿಗೆ ಆನ್‌ಲೈನ್‌ನ ದೊಡ್ಡ ಲಾಭ ಇದೇ, ಆದರೆ ಜಾಹೀರಾತಿನವರು ಇದನ್ನು ಬಿಟ್ಟು ಬೇರೆಲ್ಲ ಹೇಳುತ್ತಾರೆ.

ಇನ್ನು ಲಿಬರಲ್ ಆರ್ಟ್ಸ್ ಓದಿದರೆ ಹೊಟ್ಟೆ ತುಂಬಲ್ಲ ಅನ್ನುವವರ ಮಾತು. ಅದೂ ಪೂರ್ತಿ ನಿಜವಲ್ಲ. 2020ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜುಗಳ ಲೆಕ್ಕ ತೆಗೆದಿದ್ದರು. ಸೇರಿದ 10 ವರ್ಷದ ಹೊತ್ತಿಗೆ ಖರ್ಚು ಕಳೆದು ಉಳಿಯುವ ಲಾಭ ಸುಮಾರು 62 ಸಾವಿರ ಡಾಲರ್, ಎಲ್ಲ ಕಾಲೇಜುಗಳದ್ದು 1.07 ಲಕ್ಷ. ಅದೇ 40 ವರ್ಷಕ್ಕೆ ನೋಡಿದರೆ 9.18 ಲಕ್ಷ, ಉಳಿದವುಗಳನ್ನೂ ಸೇರಿಸಿದರೆ 7.23 ಲಕ್ಷ. ಅಂದರೆ ಈ ಓದು ನಿಧಾನಕ್ಕೆ ಫಲ ಕೊಡುವ ಮರ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅದು ಹೆಚ್ಚಾಗಿ 18ರ ವಯಸ್ಸಿನಲ್ಲಿ ಕ್ಯಾಂಪಸ್ಸಿಗೆ ಹೋಗಿ ಓದಿದವರ ಲೆಕ್ಕ. 40 ವರ್ಷ ಕಾದರೆ ನನಗೆ ಆಗ 76 ಆಗಿರುತ್ತದೆ! ಇಂಥ ಅಂಕಿಯನ್ನು ಆನ್‌ಲೈನ್ ಕೋರ್ಸಿನ ಜಾಹೀರಾತಿಗೆ ಅಂಟಿಸಿದರೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ.

ಆನ್‌ಲೈನ್ ಅನ್ನುವ ಹಣೆಪಟ್ಟಿಗೂ ಒಂದು ಬೆಲೆ ಇದೆ. ಅಮೆರಿಕದಲ್ಲಿ ಸಂಶೋಧಕರು ತಾವೇ ತಯಾರಿಸಿದ ಬಯೋಡೇಟಾಗಳನ್ನು ಕಂಪನಿಗಳಿಗೆ ಕಳಿಸಿ ನೋಡಿದ್ದಾರೆ, ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಲಾಭಕ್ಕಾಗಿ ನಡೆಯುವ ಆನ್‌ಲೈನ್ ಸಂಸ್ಥೆಯ ಬಿಸಿನೆಸ್ ಪದವಿ ಇದ್ದರೆ, ಸುಲಭವಾಗಿ ಸೀಟು ಸಿಗುವ ಸಾಮಾನ್ಯ ಸರ್ಕಾರಿ ಕಾಲೇಜಿನ ಅದೇ ಪದವಿಗಿಂತ 22% ಕಡಿಮೆ ಕರೆ ಬಂದವು. ಬಿಸಿನೆಸ್ ಪದವಿಗೇ ಹೀಗಾದರೆ ಇತಿಹಾಸ ಓದಿದವಳ ಪಾಡೇನು ಅಂತ ಯೋಚನೆ ಬರುವುದು ಸಹಜ. ಆನ್‌ಲೈನ್‌ಗಿಂತ, ಯಾರು ಕೊಟ್ಟ ಪದವಿ ಅನ್ನೋದೇ ಮುಖ್ಯ ಇರಬಹುದು ಅಂತ ನನ್ನ ಅನಿಸಿಕೆ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಿಂದ ದೂರದಿಂದಲೇ ಪಾಠ ಹೇಳುತ್ತಿದೆ, ಅದರ ಪದವಿಯನ್ನು ನೋಡಿ ಮೂಗು ಮುರಿಯುವವರು ಕಡಿಮೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಆನ್‌ಲೈನ್ ಪದವಿಗೆ ಅನುಮತಿ ಕೊಡುವುದು ಕೇಂದ್ರದ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ. ಅನುಮತಿಯ ಜೊತೆ ಒಂದು ಷರತ್ತು ಹಾಕುವಂತೆ ನೀವು ಅವರನ್ನು ಒತ್ತಾಯಿಸಿ. ಫೀ ಕಟ್ಟುವ ಬಟನ್ ಇರುವ ಪುಟದಲ್ಲೇ ಮೂರು ಸಂಗತಿ ಇರಲಿ: ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಮುಗಿಸಿದವರ ಗಳಿಕೆ ಎಷ್ಟು. ಆನ್‌ಲೈನ್‌ನವರದ್ದು ಬೇರೆ, ಕ್ಯಾಂಪಸ್‌ನವರದ್ದು ಬೇರೆ, ಎರಡನ್ನೂ ಕಲಸುವುದು ಬೇಡ. ಅರ್ಥಶಾಸ್ತ್ರ ಓದಿದವರ ಸಂಬಳದಲ್ಲಿ ತತ್ವಶಾಸ್ತ್ರದವರನ್ನು ಮುಚ್ಚಿಡುವುದೂ ಬೇಡ. ಮೊದಲ ವರ್ಷದ ಸಂಬಳ ಮಾತ್ರ ತೋರಿಸಿದರೆ ಈ ಓದಿಗೆ ಅನ್ಯಾಯ, ಆದ್ದರಿಂದ 5 ಮತ್ತು 10 ವರ್ಷದ್ದೂ ಬೇಕು.

ಆಗದ ಕೆಲಸವೇನಲ್ಲ ಇದು. ಬ್ರಿಟನ್ನಿನಲ್ಲಿ ಓದಿನ ದಾಖಲೆ ಮತ್ತು ತೆರಿಗೆ ದಾಖಲೆ ಜೋಡಿಸಿ, ಪದವಿಯಾದ 1, 3, 5, 10 ವರ್ಷಕ್ಕೆ ಗಳಿಕೆ ಎಷ್ಟು ಅಂತ ಸರ್ಕಾರವೇ ಹೇಳುತ್ತದೆ. ಅಮೆರಿಕದಲ್ಲಿ 2015ರಿಂದ ಕಾಲೇಜುವಾರು ಖರ್ಚು, ಗಳಿಕೆ ಎರಡನ್ನೂ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ತೆರಿಗೆ ದಾಖಲೆ ಸರ್ಕಾರದ ಕೈಯಲ್ಲೇ ಇದೆ, ಪ್ರವೇಶದ ಪಟ್ಟಿಯೂ ಇದೆ. ಹೆಸರು ತೆಗೆದು ಬರೀ ಅಂಕಿ ಕೊಟ್ಟರೆ ಸಾಕು.

ಆ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ, ಡಿಸ್ಕೌಂಟ್ ಇನ್ನೊಂದು ವಾರ ಮುಂದಕ್ಕೆ ಹೋಗಿದೆಯಂತೆ. ನನ್ನ ಎರಡು ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಬಂದಿಲ್ಲ. ನಾನೂ ಫೀ ಕಟ್ಟಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ನೋಟ್‌ಬುಕ್ ಹಿಡಿದು ಕೂತಿರುವ ಒಬ್ಬ ಮತದಾರಳು